ಮಿಷನ್ನಿನೊಳಗಿನ ಉಣ್ಣೆ

ಗದ್ವಾಲ ಸ್ಟೇಷನ್ನಿನಲ್ಲಿ ಹೈದರಾಬಾದಿಗೆ ಹೋಗುವ ನಿಜಾಮ ಸರ್ಕಾರದ ರೈಲಿಗೆ ಕಾಯುತ್ತ ಕೂತಿದ್ದ ಚನ್ನವೀರಮ್ಮನಿಗೆ, ಬೇಡವೆಂದರೂ ಪಕ್ಕದವರ ಮಾತು ಕಿವಿಗೆ ಬೀಳುತ್ತಿತ್ತು. ಒಬ್ಬ ತಹಸೀಲ್ದಾರರ ಬಂಗಲೆಯ ಮಾಲಿ ಬೀರಯ್ಯ, ಇನ್ನೊಬ್ಬಳು ಅವನ ಅಕ್ಕ ಪೆಂಟಮ್ಮ. ನಡುವೆ ಗೋಣಿತಟ್ಟು ಸುತ್ತಿದ, ಹುಲ್ಲು ಕತ್ತರಿಸುವ ಮಿಷನ್ನು.

“ಹೈದರಾಬಾದಿನ ದುಕಾನದಾಗ ಮೂರು ಮಿಷನ್ ಇದ್ದವಂದಿ. ಇದನ್ನ ಹ್ಯಾಂಗ ಆರಿಸಿದಿ?”

“ಕುರಿ ಕತ್ರಿ ನೋಡ್ತೀವಲ್ಲಕ್ಕ, ಹಂಗ. ಕಂಬಳಿ ಅಂಚಿನ ಉಣ್ಣೆ ಎಳಿ ಕಿತ್ತು ಅಲಗಿಗೆ ಹಾಕಿ ತಿರುವಿದೆ. ಇದೊಂದೇ ಕತ್ತರಿಸ್ತು.”

“ದುಕಾನದಾಗಿನ ಆಳು ಸುಮ್ನಿದ್ದನೇನು?”

“ಹಿತ್ತಲದಾಗ ಹುಲ್ಲೈತಿ, ಅದರ ಮ್ಯಾಲ ನಡೆಸಿ ನೋಡು ಅಂದ. ಕುರುಬಗ ಅಲಗು ನೋಡಾಕ ಕಲಿಸ್ತೀಯೇನು ಅಂದೆ.”

“ಬಂಗಲ್ಯಾಗ ಏನಾತು?”

“ನಾಕು ಹೆಜ್ಜಿಗೆ ಬಿಗೀತು. ಜೋರಿಲೆ ನೂಕಿದೆ, ಚಕ್ರದ ಹಲ್ಲು ಮುರೀತು. ಇಣುಕಿ ನೋಡಿದ್ರ ನಾ ಹಾಕಿದ ಉಣ್ಣೆನೇ ಒಳಗ ಸುತ್ತಿಕೊಂಡೈತಿ.”

“ಸಾಹೇಬರಿಗೆ ಹೇಳಿದಿಲ್ಲೋ?”

ಬೀರಯ್ಯ ಅಂಗಿಯ ಜೇಬು ಮುಟ್ಟಿಕೊಂಡ.

“ಆ ಆಳು ಖರಾಬ್ ಮಾಲು ಕೊಟ್ಟ ಅಂದೆ. ಅವನ್ನ ಕೆಲಸದಿಂದ ತಗೀರಿ ಅಂತ ಸಾಹೇಬರು ದುಕಾನದ ಮಾಲಕಗ ಚೀಟಿ ಬರೆದಾರ. ನನ್ನ ಅಂಗ್ಯಾಗೈತಿ.”

ರೈಲು ಬಂತು. ಇಬ್ಬರೂ ಮಿಷನ್ನು ಎತ್ತಿದಾಗ ತಟ್ಟು ಸರಿದು, ಅಲಗಿನ ಸಂದಿಯಲ್ಲಿ ಕರಿ ಉಣ್ಣೆಯ ಎಳೆಯೊಂದು ಕಂಡಿತು. ಬೀರಯ್ಯನ ಬೆರಳು ಮೆಲ್ಲಗೆ ಅತ್ತ ಹೋಯಿತು.

“ಕೀಳಬ್ಯಾಡ,” ಅಂದಳು ಪೆಂಟಮ್ಮ, ರೈಲಿನ ಡಬ್ಬಿ ಹತ್ತುತ್ತ. “ಮಾಲಕನ ಮುಂದ ನಿನ್ನ ಬಾಯಿಂದ ಖರೇ ಮಾತು ಹೊರಡಲಿಲ್ಲಂದ್ರ, ಅದನ್ನರ ತೋರಿಸು.”