ಆಸ್ಪತ್ರೆ ರಸ್ತೆಯ ಜನಸ್ತೋಮ

ನೋಡಿ, ಒಂದು ತಾಲ್ಲೂಕು ಊರಿನಲ್ಲಿ ಮುರಿಗೆಪ್ಪ ಎಂಬ ಬಟ್ಟೆ ವ್ಯಾಪಾರಿ ಇದ್ದ. ಉಳ್ಳವನು, ಕೆಟ್ಟವನಲ್ಲ. ಅಮಾವಾಸ್ಯೆಗೆ ಅನ್ನದಾನ ಮಾಡುತ್ತಿದ್ದ. ಮಠಕ್ಕೆ ಬಂದರೆ ನಿಮ್ಮ ಹಾಗೆಯೇ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ.

ಒಂದು ದಿನ ಆ ಊರಿಗೆ ದೊಡ್ಡ ನಾಯಕರೊಬ್ಬರು ಬರುವವರಿದ್ದರು. ಹತ್ತಕ್ಕೆ ಬರಬೇಕಾದವರು ಎರಡಾದರೂ ಬರಲಿಲ್ಲ. ಜನ ಕದಲಿದರೇ? ಇಲ್ಲ. ಆಸ್ಪತ್ರೆಗೆ ಹೋಗುವ ರಸ್ತೆಯ ತುಂಬ ನಿಂತಿದ್ದರು. ಮುರಿಗೆಪ್ಪ ಪೊಲೀಸರು ಕಟ್ಟಿದ್ದ ಹಗ್ಗದ ಹತ್ತಿರ, ಎಲ್ಲರಿಗಿಂತ ಮುಂದೆ. ಬೆಳಿಗ್ಗೆ ಎಂಟಕ್ಕೇ ಬಂದು ಹಿಡಿದ ಜಾಗ ಅದು.

ಆಗ ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವ ದ್ಯಾಮವ್ವ ಎಂಬ ಹೆಣ್ಣುಮಗಳು ಅಲ್ಲಿಗೆ ಬಂದಳು. ಆಟೋ ಒಳಗೆ ಬರಲಾಗದೆ, ಗಂಡನನ್ನು ತಳ್ಳುಗಾಡಿಯಲ್ಲಿ ಮಲಗಿಸಿದ್ದಳು. ಮೈದುನ ತಳ್ಳುತ್ತಿದ್ದ. ಆಸ್ಪತ್ರೆಯ ಗೇಟು ಎದುರಿಗೇ ಕಾಣುತ್ತಿತ್ತು. ನಡುವೆ ಈ ಜನ.

ಅವಳು ಮುರಿಗೆಪ್ಪನಿಗೆ ಕೈಮುಗಿದಳು. "ಯಪ್ಪಾ, ಸ್ವಲ್ಪ ಸರೀರಿ. ನಮ್ಮ ಮನಿಯವ್ರಿಗೆ ಎದಿ ಹಿಡದೈತಿ."

"ಈ ಕಡಿ ದಾರಿ ಇಲ್ಲವ್ವಾ. ಕೆರಿ ಸುತ್ತಿ ಹೋಗು. ಸಾಹೇಬ್ರು ಈಗ ಬಂದಬಿಡ್ತಾರ."

"ಅಷ್ಟೊತ್ತು ತಡಿಯಂಗಿಲ್ರಿ ಅವ್ರು."

ಮುರಿಗೆಪ್ಪ ಮತ್ತೆ ರಸ್ತೆಯ ಕಡೆ ಕತ್ತು ಚಾಚಿದ. ತಾನು ಸರಿದರೆ ಹಿಂದಿನವನು ಮುಂದೆ ಬರುತ್ತಾನೆ, ನೋಡಿ. ಅದೊಂದೇ ಅವನ ಚಿಂತೆ. ದ್ಯಾಮವ್ವ ಕೆರೆ ಸುತ್ತಿ ಹೋದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗಂಡನ ಜೀವ ಹೋಗಿತ್ತು. ಇತ್ತ ನಾಲ್ಕಕ್ಕೆ ನಾಯಕರ ಕಾರು ಬಂತು. ಗಾಜು ಕೂಡ ಇಳಿಸದೆ ಹೋಯಿತು.

ಮರುದಿನ ಪತ್ರಿಕೆಯಲ್ಲಿ ಫೋಟೋ. 'ನಾಯಕರ ದರ್ಶನಕ್ಕೆ ಕೈಮುಗಿದು ಕಾದ ಜನಸ್ತೋಮ' ಎಂದು ಕೆಳಗೆ ಬರೆದಿತ್ತು. ಮುಂದೆಯೇ ಕತ್ತು ಚಾಚಿದ ಮುರಿಗೆಪ್ಪ. ಅವನು ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಬಂದವರಿಗೆಲ್ಲ ತನ್ನನ್ನು ತೋರಿಸಿದ. ಪಕ್ಕದಲ್ಲಿ ಕೈಮುಗಿದವಳು ಯಾರು? ಯಾರೂ ಕೇಳಲಿಲ್ಲ.

ತಿಂಗಳ ಮೇಲೆ ದ್ಯಾಮವ್ವ ಅಂಗಡಿಗೆ ಬಂದಳು.

"ಏನು ಬೇಕವ್ವಾ?"

"ಅರಿವಿ ಬ್ಯಾಡ್ರಿ. ಆ ಫೋಟೋ ಕೆಳಗ ಇಳಸ್ರಿ. ನನ್ನ ಹಿಂದ ಗಾಡ್ಯಾಗ ಮಲಗ್ಯಾರಲ್ಲ, ಅವ್ರು ನಮ್ಮ ಮನಿಯವ್ರು. ಜೀವ ಇದ್ದಾಗಿನ ಕಡೀ ಫೋಟೋ ಅದು."

ಮುರಿಗೆಪ್ಪ ಇಳಿಸಿದ. ಮೊದಲ ಸಲ ಅದನ್ನು ಪೂರ್ತಿ ನೋಡಿದ. ಅವಳ ಮುಗಿದ ಕೈ ತನ್ನ ಕಡೆಗಿತ್ತು.

"ನಾ ಸರದಿದ್ರ ಉಳೀತಿದ್ರೇನವ್ವಾ?"

"ಅರ್ಧ ತಾಸು ಮೊದಲ ತರಬೇಕಿತ್ತು ಅಂದ್ರು ಡಾಕ್ಟ್ರು."

ಅಷ್ಟೇ ಅಂದಳು. ಬೈಯಲಿಲ್ಲ. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಮುರಿಗೆಪ್ಪ ಆಮೇಲೂ ಅಮಾವಾಸ್ಯೆಗೆ ನೂರಾರು ಜನರಿಗೆ ಬಡಿಸಿದ. ತಾನು ಮಾತ್ರ ಆ ದಿನ ಉಣ್ಣುತ್ತಿರಲಿಲ್ಲ.

ನೀವೀಗ ಮುರಿಗೆಪ್ಪನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೀರಿ, ಮುಖದಲ್ಲಿ ಕಾಣುತ್ತಿದೆ. ತಡೆಯಿರಿ. ಮದುವೆ ಮೆರವಣಿಗೆಯಲ್ಲಿ ಕುಣಿಯುತ್ತ ಬಸ್ಸು ನಿಲ್ಲಿಸಿದವರು ಯಾರು? ಹೋದ ಸಲ ನಮ್ಮ ಪಲ್ಲಕ್ಕಿ ಬರುವಾಗ ಸಂತೆ ರಸ್ತೆ ಎರಡು ತಾಸು ಕಟ್ಟಿತ್ತಲ್ಲ, ಆಗ ಯಾರ ಮನೆಯವರು ಸುತ್ತಿ ಹೋದರೋ? ಮೇಲೆ ಕೂತಿದ್ದ ನಾವೂ ಕೇಳಲಿಲ್ಲ. ಇನ್ನು ಮೇಲೆ ಪಲ್ಲಕ್ಕಿ ಬೇಡ, ನಡೆದೇ ಬರುತ್ತೇವೆ.

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಯಾರಾದರೂ ಸರಿಯಿರಿ ಎಂದರೆ, ಯಾಕೆಂದು ಕೇಳುವ ಮೊದಲು ಸರಿಯಿರಿ. ಹೋದ ಜಾಗ ಹೋಗಲಿ. ಬರುವಾಗ ನೋಡಿದೆವು, ಮಠದ ಮುಂದಿನ ರಸ್ತೆಯಲ್ಲಿ ನಿಮ್ಮ ಬೈಕು, ಕಾರುಗಳು ಅಡ್ಡ ನಿಂತಿವೆ. ಎದ್ದು ಹೋಗಿ ತೆಗೆದು ಬನ್ನಿ. ಪ್ರವಚನ ಆಮೇಲೆ. ಅಲ್ಲಿಯವರೆಗೆ ನಾವು ಇಲ್ಲಿಯೇ ಕಾಯುತ್ತೇವೆ.