ಅಜ್ಜಿಯ ಬಿಳಿ ಸೀರೆ

ದೋಣಿಗಲ್ ಬಸ್ ಸ್ಟಾಪಿನಲ್ಲಿ ರಾಮಮ್ಮನ ಪಕ್ಕ ಕಾಲೇಜು ಹುಡುಗಿಯರಿಬ್ಬರು ಬಂದು ಕೂತರು. ಒಬ್ಬಳು ನಡುಗುತ್ತಿದ್ದಳು. ಬೇಡವೆಂದರೂ ರಾಮಮ್ಮನ ಕಿವಿ ಅತ್ತಲೇ ಹೋಯಿತು.

“ಬರೀ ಜ್ವರ ಕಣೇ ಪೆಟ್ರೀಷಿಯಾ. ಡಾಕ್ಟರು ಮಾತ್ರೆ ಕೊಡ್ತಾರೆ.”

“ಬರೀ ಜ್ವರ ಅಲ್ಲ ಸುಚಿತ್ರಾ. ನಿನ್ನೆ ಚರ್ಚಿನ ನಾಟಕದಲ್ಲಿ ರೋಮಿನ ಗವರ್ನರನ ಹೆಂಡ್ತಿ ಆಗಿದ್ನಲ್ಲ. ಅಲ್ಲಿಯ ಹೆಂಗಸರು ಉದ್ದನೆ ಅಂಗಿ ಮೇಲೆ ಹೊಲಿಗೆಯಿಲ್ಲದ ಬಟ್ಟೆ ಸುತ್ಕೊಂಡು, ತಲೆ ಮೇಲೂ ಹೊದೀತಿದ್ರಂತೆ. ಅದಕ್ಕೆ ಅಜ್ಜಿ ಟ್ರಂಕಿಂದ ಬಿಳಿ ಸೀರೆ ಕೇಳದೆ ತಗೊಂಡೆ.”

“ಅಷ್ಟಕ್ಕೆ ಹೆದರ್ತಾರಾ?”

“ಸತ್ತಾಗ ಉಡಿಸಿ ಅಂತ ಅಜ್ಜಿ ಎತ್ತಿಟ್ಟಿದ್ದ ಸೀರೆ ಕಣೇ ಅದು. ನಂಗೆ ಗೊತ್ತಿರ್ಲಿಲ್ಲ.”



“ಅಜ್ಜಿ ನೋಡಿದ್ರಾ?”

“ಮುಂದಿನ ಬೆಂಚಲ್ಲೇ ಕೂತಿದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”

“ಒಗೆದು ವಾಪಸ್ ಟ್ರಂಕಲ್ಲಿ ಇಟ್ಬಿಡು.”

“ಹೇಗೆ ಇಡ್ಲಿ? ನಂಗೆ ಜ್ವರ ಅಂತ ಗೊತ್ತಾದ ತಕ್ಷಣ ಅಜ್ಜಿ ಅದನ್ನೇ ಉಟ್ಕೊಂಡು ಬಾಗಿಲಲ್ಲಿ ಕೂತುಬಿಟ್ರು. ಸಾವು ಬಂದ್ರೆ ಆಳು ತಪ್ಪಿ ನಿನ್ನನ್ನ ಕರ್ಕೊಂಡು ಹೋಗಬಾರದು ಅಂತಾರೆ.”

ಸಕಲೇಶಪುರದ ಬಸ್ಸು ಬಂತು. ಹುಡುಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತಿದರು. ಅದೇ ಬಸ್ಸಿಗೆ ಕಾದಿದ್ದ ರಾಮಮ್ಮ, ಸಾವೂ ಅವರ ಹಿಂದೆ ಹತ್ತಿರಬಹುದೆಂದು ಹೆದರಿ, ಮುಂದಿನ ಬಸ್ಸಿಗೆಂದು ಕೂತೇ ಇದ್ದಳು.