ನಾಲ್ಕು ಎಣಿಸುವಷ್ಟು ಹೊತ್ತು

ಬೇಡ ಭಾವ, ಚಹಾ ಬೇಡ. ಈಗಷ್ಟೇ ಕುಡಿದು ಬಂದೆ. ಕೂರೋದೂ ಇಲ್ಲ. ಮುದ್ರೆ ಒತ್ತಿ ಕೊಡಿ, ಹೊರಟೆ... ಸರಿ, ಸರಿ, ಕೂರ್ತೀನಿ. ಆ ದಿಂಬು ಬೇಡ, ಅದರ ಮೇಲೆ ಬೆಕ್ಕು ಮಲಗಿತ್ತು. ಬರೀ ಜಗಲಿ ಸಾಕು.

ಯಾಕೆ ನಗ್ತೀರಿ? ಕೈಗವಸು ನೋಡಿಯಾ? ನಗಿ, ನಗಿ. ಜೂನ್ ತಿಂಗಳಲ್ಲಿ ಬಿಳೀ ಕೈಗವಸು ಹಾಕ್ಕೊಂಡು ಪಕ್ಕದ ಮನೆಗೆ ಬರೋ ಹೆಂಗಸು ಈ ಕಣಿವೆಯಲ್ಲಿ ನಾನೊಬ್ಬಳೇ. ಕಾನ್ವೆಂಟ್ ಶಾಲೆಯ ಸಿಸ್ಟರ್ ಅಗಾತಾ ಕಲಿಸಿದ್ದು, ಏನು ಮಾಡಲಿ? ‘ಮಿಸಾವೊ, ಕೇಳಿಕೊಳ್ಳಲು ಹೋಗುವಾಗ ಕೈ ಶುಭ್ರವಾಗಿ ಕಾಣಬೇಕು.’ ಅವರು ಹೇಳಿದ್ದೋ, ನಾನೇ ಕಟ್ಟಿಕೊಂಡಿದ್ದೋ, ಐವತ್ತು ವರ್ಷ ಆಯ್ತು, ಈಗ ನನಗೂ ಗೊತ್ತಿಲ್ಲ.

ಇಗೋ, ಕಾಗದ. ಒಂದೇ ಹಾಳೆ. ಅಂದರೆ... ಆರು ಹಾಳೆ. ಆದರೆ ನೀವು ನೋಡಬೇಕಾದ್ದು ಕೊನೇದು ಮಾತ್ರ. ಇಲ್ಲಿ ‘ಎಣಿಕೆದಾರರು, ಕುವಾಬಾರ ಹೇಯ್ಕಿಚಿ’ ಅಂತ ಇದೆಯಲ್ಲ, ಅದರ ಪಕ್ಕ ಒತ್ತಿದರೆ ಮುಗೀತು. ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಾಂತದ ಕಚೇರಿಯವರು ಬರ್ತಾರೆ. ಮುದ್ರೆ ಬಿದ್ದರೆ ನಮ್ಮ ಒಕುಯಾಚಿ ‘ನಾಡ ಮಿಂಚುಹುಳದ ಊರು’. ಬೀಳದಿದ್ದರೆ ಬರೀ ಊರು. ನಲವತ್ತೊಂದು ವರ್ಷ ಆ ಸೇತುವೆ ಮೇಲೆ ನಿಂತು ಹುಳ ಎಣಿಸಿದವರು ನೀವೊಬ್ಬರೇ. ಬೇರೆಯವರ ಮುದ್ರೆ ನಡೆಯೋಲ್ಲವಂತೆ. ಸಂಘದ ಅಧ್ಯಕ್ಷೆಯದ್ದೂ ನಡೆಯೋಲ್ಲವಂತೆ! ನಾನು ಕೇಳಿ ನೋಡಿದೆ.

ಆ ಹುಳಿ ಉಮೆ ಕಾಯಿ ಸ್ವಲ್ಪ ಕೆಳಗಿಡ್ತೀರಾ?... ಇಡೋಲ್ಲ. ಆಯ್ತು, ಇವತ್ತೇ ಉಪ್ಪಲ್ಲಿ ಹಾಕಬೇಕು, ಒಪ್ಪಿದೆ. ನನಗೂ ಒಂದು ಬಿದಿರುಕಡ್ಡಿ ಕೊಡಿ, ತೊಟ್ಟು ತೆಗೀತೀನಿ. ಇಬ್ಬರೂ ಕೂತರೆ ಬೇಗ ಮುಗಿಯುತ್ತೆ. ಕೈಗವಸು ಇದ್ದರೇನು, ತೆಗೀಬಹುದು... ಅಯ್ಯೋ, ಹಾರಿಹೋಯ್ತಲ್ಲ. ಎಲ್ಲಿ ಬಿತ್ತು? ನಗಬೇಡಿ. ನಿಮ್ಮ ತಮ್ಮನೂ ಹೀಗೇ ನಗ್ತಾರೆ, ಸದ್ದಿಲ್ಲದೆ, ಭುಜದಲ್ಲಿ.

ನಿನ್ನೆ ಸಂಜೆ ನೋಡಿದಿರಲ್ಲ? ಎಂಥಾ ಜನ! ಟೋಕಿಯೋದಿಂದ ನನ್ನ ಶಾಲೆಯ ಗೆಳತಿಯರು ಮೂವರೂ ಬಂದಿದ್ದರು. ತಮಾಕಿ, ಅವಳು ಗೊತ್ತಲ್ಲ, ರಾಯಭಾರಿಯ ಹೆಂಡತಿಯಾಗಿದ್ದವಳು, ಯಾವುದನ್ನೂ ಹೊಗಳದವಳು, ಸೇತುವೆ ಮೇಲೆ ನಿಂತು ಬಾಯಿ ತೆರೆದವಳು ಮುಚ್ಚಲೇ ಇಲ್ಲ. ಇಪ್ಪತ್ತು ವರ್ಷದಿಂದ ನಾನು ಪ್ರತಿ ಪತ್ರದಲ್ಲೂ ಬರೀತಿದ್ದೆ, ನಮ್ಮೂರ ಮಿಂಚುಹುಳ, ನಮ್ಮೂರ ಮಿಂಚುಹುಳ ಅಂತ. ಅವಳು ಬರ್ತೀನಿ ಅಂದಾಗಲೆಲ್ಲ ಒಂದು ನೆಪ. ಒಂದು ವರ್ಷ ಬೆನ್ನುನೋವು, ಒಂದು ವರ್ಷ ಅಡುಗೆಮನೆ ರಿಪೇರಿ. ಅಡುಗೆಮನೆ ನಾಲ್ಕು ಸಲ ರಿಪೇರಿ ಆಯ್ತು ಭಾವ, ಪತ್ರದಲ್ಲಿ. ಹುಳ ಇಲ್ಲದೆ ಅವಳನ್ನ ಹೇಗೆ ಕರೀಲಿ?

ಅಲ್ಲ, ಎಲ್ಲಿಗೆ ಹೋದವು ಅಂತ ನೀವು ಕೇಳಲ್ಲ. ಕೇಳಿದರೆ ನಾನೇ ಉತ್ತರ ಹೇಳಬೇಕಾಗುತ್ತೆ ಅಂತ ನಿಮಗೆ ಗೊತ್ತು. ಹಳ್ಳದ ದಂಡೆಗೆ ಕಾಂಕ್ರೀಟ್ ಹಾಕಿಸಿದವಳು ಯಾರು? ಈ ಮಿಸಾವೊ. ಯಾಕೆ? ಹೊರಗಿನಿಂದ ಬಂದ ಒಬ್ಬಳ ಚಪ್ಪಲಿ ಕೆಸರಲ್ಲಿ ಸಿಕ್ಕಿಕೊಂಡಿತು ಅಂತ. ಆಮೇಲೆ ಕತ್ತಲಲ್ಲಿ ಯಾರಾದರೂ ಜಾರಿ ಬಿದ್ದಾರು ಅಂತ ದೀಪದ ಕಂಬ. ಕತ್ತಲನ್ನ ನೋಡೋಕೆ ಬಂದವರಿಗೆ ದೀಪ! ಆಮೇಲೆ ದಂಡೆಯ ಹುಲ್ಲು ಒರಟಾಗಿ ಕಾಣ್ತಿತ್ತು, ಹದಿನೈದು ದಿನಕ್ಕೊಮ್ಮೆ ಕತ್ತರಿಸಿ ಅಂದೆ. ಒಂದು ಹುಲ್ಲೂ ಇನ್ನೊಂದಕ್ಕಿಂತ ಉದ್ದ ಇರಕೂಡದು. ಹುಳಕ್ಕೆ ಮೊಟ್ಟೆಯಿಡೋಕೆ ಪಾಚಿ ಇಲ್ಲ, ಮರಿಹುಳ ಮಣ್ಣಿಗೆ ಹತ್ತೋಕೆ ದಾರಿ ಇಲ್ಲ, ಗಂಡು ಹೆಣ್ಣನ್ನ ಹುಡುಕೋಕೆ ಕತ್ತಲಿಲ್ಲ. ಎಲ್ಲಾ ಒಪ್ಪವಾಗಿತ್ತು. ಆಗ ಮಿಂಚುಹುಳ ಸಂರಕ್ಷಣಾ ಸಂಘ ಕಟ್ಟಿದೆವು. ಅಧ್ಯಕ್ಷೆ ಯಾರು? ಓಡಿಸಿದವಳೂ ನಾನೇ, ಎಲ್ಲಿಗೆ ಓಡಿದವು ಅಂತ ಸಭೆ ಕರೆದವಳೂ ನಾನೇ. ಕೋಳಿ ಕಳೆದ ಮನೆಯಲ್ಲಿ ನರಿಯನ್ನೇ ಕಾವಲಿಗಿಟ್ಟ ಹಾಗೆ ಅಂತ ನೀವು ಅಂದಿರಬೇಕು ಮನಸ್ಸಲ್ಲಿ. ಬಾಯಲ್ಲಿ ಅಂದಿಲ್ಲ. ಬಾಯಲ್ಲಿ ನೀವು ಏನನ್ನ ಅಂದಿದ್ದೀರಿ!

ಒಂದೇ ಸಲ ಅಂದಿದ್ದು. ಹೋದ ವರ್ಷದ ಸಭೆಯಲ್ಲಿ. ಎದ್ದು ನಿಂತಿರಿ. ‘ದೀಪ ಆರಿಸಿ. ಹುಲ್ಲು ಬಿಡಿ. ಕಾಂಕ್ರೀಟ್ ಒಡೀರಿ. ಮೂರು ವರ್ಷ ಸುಮ್ಮನಿರಿ.’ ಕೂತಿರಿ. ಅಷ್ಟೇ. ನಾನು ಅದನ್ನ ಟಿಪ್ಪಣಿಯಲ್ಲಿ ‘ಇತರ ವಿಷಯಗಳು’ ಕೆಳಗೆ ಬರೆದೆ, ಶೌಚಾಲಯದ ಬೀಗದ ವಿಷಯ ಆದ ಮೇಲೆ.

ಸುಮ್ಮನಿರೋದು! ನನಗೆ ಭಾವ? ಇಷ್ಟೆಲ್ಲ ಬರುತ್ತೆ ನನಗೆ, ಫ್ರೆಂಚ್ ಪ್ರಾರ್ಥನೆ ಬರುತ್ತೆ, ಮೇಜಿಗೆ ಬಟ್ಟೆ ಹಾಸೋದು ಬರುತ್ತೆ, ಸುಮ್ಮನಿರೋದು ಒಂದು ಬರೋಲ್ಲ.

ಅದಕ್ಕೇ ಕೋಸು. ಮರಿಹುಳಕ್ಕೆ ಬಸವನಹುಳು ಆಹಾರ, ಬಸವನಹುಳುವಿಗೆ ಕೋಸಿನ ಎಲೆ ಆಹಾರ. ಮಹಿಳಾ ಮಂಡಳಿಯ ಹನ್ನೆರಡು ಹೆಂಗಸರನ್ನ ಕೂರಿಸಿ ಎಲೆ ತೊಳೆಸಿ, ಎಲ್ಲಾ ಒಂದೇ ಅಳತೆಗೆ ಚೌಕ ಚೌಕ ಕತ್ತರಿಸಿ ಹಳ್ಳಕ್ಕೆ ಹಾಕಿಸಿದೆ. ಬಸವನಹುಳುವಿಗೆ ಚೌಕ! ನಾಪ್ಕಿನ್ ಒಂದು ಮಡಿಸಿಡೋದು ಬಾಕಿ. ಆದರೂ ಫಲ ಸಿಕ್ಕಿತಲ್ಲ? ಹುಳ ವಾಪಸ್ ಬಂತಲ್ಲ? ಕೋಸಿನಿಂದಲೇ. ಮೂರನೇ ಹಾಳೆಯಲ್ಲಿ ಹಾಗೇ ಬರೆದಿದ್ದೀನಿ, ‘ಊರ ಹೆಂಗಸರ ಶ್ರಮದಿಂದ ನಾಡ ಮಿಂಚುಹುಳಗಳು ತಾವಾಗಿಯೇ ಮರಳಿವೆ’...

ಮೂರನೇ ಹಾಳೆ ನೋಡೋದು ಬೇಡ ಅಂದೆನಲ್ಲ. ಕೊನೇದು, ಕೊನೇದು.

ಏನೋ ಕೇಳಬೇಕು ಅಂತಿದ್ದೆ. ನಿನ್ನೆ ಸೇತುವೆ ಮೇಲೆ ಎಲ್ಲರೂ ಹುಳ ನೋಡ್ತಿದ್ದರೆ ನೀವು ಕೈಗಡಿಯಾರ ನೋಡ್ತಿದ್ದಿರಿ. ತಮಾಕಿ ಕೇಳಿದಳು, ‘ನಿನ್ನ ಭಾವನಿಗೆ ರೈಲಿದೆಯಾ?’ ಅಂತ. ಊಟದ ಹೊತ್ತಾಗಿರಬೇಕು ಅಂದೆ. ನೋಡಿದಿರಿ, ಮತ್ತೆ ನೋಡಿದಿರಿ, ಟೋಪಿ ಹಾಕ್ಕೊಂಡು ಹೊರಟುಬಿಟ್ಟಿರಿ. ಊಟದ ಹೊತ್ತೇ, ಅಲ್ವಾ?

...ಅಲ್ವಾ, ಭಾವ?

ಈ ತೊಟ್ಟು ಬರ್ತಾನೇ ಇಲ್ಲ. ಕೈಗವಸು ತೆಗೆದರೆ ಸರಿಹೋಗುತ್ತೇನೋ. ಇಗೋ, ತೆಗೆದೆ. ನೋಡಿ, ಬೆರಳ ತುದಿ ಎಲ್ಲಾ ಹಸಿರು. ಒಗೆದರೂ ಹೋಗಲ್ಲ ಈ ಕಲೆ.

ಹಾಗೆ ನೋಡಬೇಡಿ ನನ್ನನ್ನ. ನಿಮಗೆ ಯಾರು ಹೇಳಿದರು? ಪಾರ್ಸೆಲ್ ತರೋ ಹೆಂಗಸು? ಅವಳ ಬಾಯಿ ಅಂಚೆಪೆಟ್ಟಿಗೆ ಥರ ಯಾವಾಗಲೂ ತೆರೆದೇ ಇರುತ್ತೆ. ಸರಿ. ಹೌದು. ಪೆಟ್ಟಿಗೆ ಬಂದಿತ್ತು. ಮಾರ್ಚಲ್ಲಿ. ಎಂಟು ಪೆಟ್ಟಿಗೆ. ಪಶ್ಚಿಮದ ಕಡೆಯಿಂದ, ಅಲ್ಲಿ ಸಾಕಿ ಕಳಿಸೋರಿದ್ದಾರೆ. ಮೇಲೆ ‘ಜೀವ ಇದೆ, ತಂಪಾಗಿಡಿ’ ಅಂತ ಬರೆದಿತ್ತು. ನಿಮ್ಮ ತಮ್ಮ ಏನಿದು ಅಂದರು. ಏಡಿ ಅಂದೆ. ಆ ಮನುಷ್ಯ ಶುಂಠಿ ತುರಿದು, ಹುಳಿ ಬೆರೆಸಿ, ಒಳ್ಳೇ ತಟ್ಟೆ ಇಳಿಸಿಕೊಂಡು ಸಂಜೆವರೆಗೆ ಕಾದರು! ಸಂಜೆ ಮೊಟ್ಟೆ ಬೇಯಿಸಿ ಹಾಕಿದೆ. ಏಡಿ ಎಲ್ಲಿ ಅಂದರು. ಕೆಟ್ಟಿತ್ತು ಅಂದೆ. ಎಂಟು ಪೆಟ್ಟಿಗೆಯೂ ಕೆಟ್ಟಿತ್ತಾ ಅಂದರು. ಹೌದು ಅಂದೆ. ಸುಳ್ಳು ಹೇಳೋದರಲ್ಲೂ ನಾನು ಅರ್ಧಕ್ಕೆ ನಿಲ್ಲಿಸೋಳಲ್ಲ.

ಮೂರು ಸಾವಿರ ಮರಿಹುಳ. ನಾನೇ ಬೆಳಗಾಗೋ ಮುಂಚೆ, ಬೂಟು ಹಾಕ್ಕೊಂಡು, ಬಕೆಟ್ಟಲ್ಲಿ... ಒಂದಿಷ್ಟು ಬಕೆಟ್ಟು ಮೇಲಿನ ಕಾಲುವೆಗೆ, ಒಂದಿಷ್ಟು ಸೇತುವೆ ಕೆಳಗೆ, ಸಮನಾಗಿ ಹಂಚಿದೆ. ಒಂದೇ ಒಂದು ಸಲ ಜಾರಿ ಕೂತೆ. ಆ ಕಾಂಕ್ರೀಟ್ ಮೇಲೇ! ಯಾರೂ ಜಾರಬಾರದು ಅಂತ ಹಾಕಿಸಿದ್ದರ ಮೇಲೆ.

ಆದರೆ ಏನು ತಪ್ಪು? ಹೇಳಿ. ಅವೂ ಮಿಂಚುಹುಳವೇ. ಇವೂ ಮಿಂಚುಹುಳವೇ. ರೆಕ್ಕೆ ಅದೇ, ಬಾಲದ ದೀಪ ಅದೇ, ಎದೆ ಮೇಲಿನ ಕಪ್ಪು ಗೆರೆಯೂ ಅದೇ. ಏನಿದೆ ವ್ಯತ್ಯಾಸ? ಹೇಗೂ ನಮ್ಮವು ಮುಗಿದುಹೋಗಿದ್ದವು. ಖಾಲಿ ಮನೆಗೆ ಯಾರೋ ಬಂದು ಇದ್ದರೆ ಯಾರಿಗೆ ನಷ್ಟ? ಖಾಲಿ ಇತ್ತು ಭಾವ. ಪೂರ್ತಿ ಖಾಲಿ.

ಎಲ್ಲಿಗೆ ಎದ್ದಿರಿ? ಮುದ್ರೆ ತರೋಕಾ? ಹಾಂ, ತನ್ನಿ ತನ್ನಿ. ಕೆಂಪು ಶಾಯಿ ನನ್ನ ಹತ್ತಿರವೇ ಇದೆ, ಚೀಲದಲ್ಲಿ...

...ಅದು ಮುದ್ರೆ ಅಲ್ಲವಲ್ಲ.

ಆ ಎಣಿಕೆ ಪುಸ್ತಕ ಈಗ ಯಾಕೆ? ನಾನು ಓದಿಲ್ಲ ಅದನ್ನ. ಅಂದರೆ, ಸಂಘಕ್ಕೆ ಕೊಟ್ಟಿದ್ದಿರಿ, ಹೋದ ಶರತ್ಕಾಲದಲ್ಲಿ, ವರದಿ ಬರೆಯೋಕೆ ಅಂತ, ಮೇಲೆ ಮೇಲೆ ನೋಡಿದ್ದೆ. ಪುಟ ತಿರುಗಿಸಬೇಡಿ, ಕಾಯಿಯ ನೀರು ತಾಗುತ್ತೆ. ಯಾವ ಪುಟ? ಹೋದ ವರ್ಷದ್ದಾ? ನನಗೆ ಕನ್ನಡಕ ಇಲ್ಲದೆ ಕಾಣೋಲ್ಲ... ಹೌದು, ಹಣೆ ಮೇಲೇ ಇದೆ. ಗೊತ್ತು.

ಹನ್ನೊಂದು.

ಕಾಣ್ತಿದೆ ಭಾವ. ಬೆರಳಿಟ್ಟು ತೋರಿಸಬೇಕಿಲ್ಲ. ಹನ್ನೊಂದು. ‘ಒಂಬತ್ತು ಗಂಡು, ಎರಡು ಹೆಣ್ಣು. ಎಲ್ಲವೂ ಮೇಲಿನ ಕಾಲುವೆ, ದೀಪ ತಲುಪದ ಕಡೆ.’

ಮಾತಾಡಿ ಏನಾದರೂ! ಬೈರಿ! ‘ಎಲೆ ಮಿಸಾವೊ’ ಅಂತ ಒಮ್ಮೆ ಗದರಿ, ನಿಮ್ಮ ತಮ್ಮನ ಹೆಂಡತಿ ನಾನು, ಗದರೋ ಹಕ್ಕಿದೆ ನಿಮಗೆ. ಸುಮ್ಮನೆ ಕೂತು ಕಾಯಿಯ ತೊಟ್ಟು ತೆಗೀತಿದ್ದರೆ ನಾನು ಏನು ಮಾಡಲಿ?

ಓದಿದ್ದೆ. ಮೇಲೆ ಮೇಲೆ ಅಲ್ಲ, ಎರಡು ಸಲ ಓದಿದ್ದೆ. ಸಂಘದ ಆರನೇ ನಿಯಮ ನಿಮಗೆ ಗೊತ್ತಲ್ಲ, ಊರ ಹುಳ ಒಂದೇ ಒಂದು ಉಳಿದಿದ್ದರೂ ಹೊರಗಿನದನ್ನ ತರಕೂಡದು. ಬರೆದವಳು ನಾನು. ಹಲಗೆ ಮೇಲೆ ಬರೆಸಿ ನೇತುಹಾಕಿದವಳು ನಾನು. ಆ ನಿಯಮ ಮುರಿಯೋದು ನನ್ನ ಕೈಲಿ ಆಗಲಿಲ್ಲ ಭಾವ. ನಿಯಮ ಮುರಿಯೋ ಹೆಂಗಸಲ್ಲ ನಾನು. ಅದಕ್ಕೇ... ವರದಿಯಲ್ಲಿ ಸಂಖ್ಯೆ ಬದಲಾಯಿಸಿದೆ. ಹನ್ನೊಂದರ ಜಾಗದಲ್ಲಿ ಸೊನ್ನೆ ಬರೆದೆ. ಆಗ ನಿಯಮ ಸರಿಯಾಗಿ ಕೂತಿತು. ನಗಬೇಕು ನೀವು ಈಗ. ಇದಕ್ಕೆ ನಗದೆ ಇನ್ನು ಯಾವುದಕ್ಕೆ ನಗ್ತೀರಿ?

ವ್ಯತ್ಯಾಸ ಏನು ಅಂತ ಕೇಳಿದೆನಲ್ಲ ಈಗ, ದೊಡ್ಡದಾಗಿ? ನನಗೆ ಗೊತ್ತು. ನಾನು ಮದುವೆಯಾಗಿ ಬಂದ ವರ್ಷ ನಿಮ್ಮಾಕೆ, ಫುಸಾ ಅಕ್ಕ, ನನ್ನನ್ನ ಹಳ್ಳಕ್ಕೆ ಕರೆದುಕೊಂಡು ಹೋಗಿದ್ದಳು. ಬೆನ್ನು ಸೆಟೆಸಿಕೊಂಡು, ಟೋಪಿ ಹಾಕ್ಕೊಂಡು, ಯಾರ ಜೊತೆಯೂ ಮಾತಾಡದೆ ಎರಡು ತಿಂಗಳು ಕಳೆದಿದ್ದೆ ನಾನು. ಊರವರೆಲ್ಲ ನನ್ನನ್ನ ಕೊಡೆಯ ಹಿಡಿ ಅಂತ ಕರೀತಿದ್ದರಂತೆ. ನೀವೂ ಕರೀತಿದ್ದಿರಾ? ಕರೀತಿದ್ದಿರಿ. ಅಕ್ಕ ನನ್ನನ್ನ ಕೆಸರಲ್ಲೇ ಕೂರಿಸಿ ಹೇಳಿದಳು, ‘ಅವು ಬೆಳಗಿದಾಗ ಉಸಿರು ತಗೋ, ಆರಿದಾಗ ಬಿಡು, ಮತ್ತೆ ಬೆಳಗೋವರೆಗೆ ಕಾಯಿ.’ ಮೆಲ್ಲಗೆ. ಎಷ್ಟು ಮೆಲ್ಲಗೆ! ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು. ಹಳ್ಳ ಪೂರ್ತಿ ಒಟ್ಟಿಗೆ ಬೆಳಗಿ ಒಟ್ಟಿಗೆ ಆರ್ತಿತ್ತು. ಮದುವೆಯಾದ ಮೇಲೆ ಮೊದಲನೇ ಸಲ ಈ ಬೆನ್ನು ಬಗ್ಗಿತು.

ನಿನ್ನೆ ತಮಾಕಿಗೆ ಅದನ್ನೇ ತೋರಿಸೋಕೆ ಹೋದೆ. ‘ಹೀಗೆ ಉಸಿರಾಡು’ ಅಂದೆ. ಬೆಳಗಿದವು, ಉಸಿರು ತಗೊಂಡೆ. ಬಿಡೋ ಮುಂಚೆ ಮತ್ತೆ ಬೆಳಗಿದವು. ಒಂದು, ಎರಡು, ಬೆಳಕು. ಒಂದು, ಎರಡು, ಬೆಳಕು. ಪಶ್ಚಿಮದ ಹುಳ ಎರಡಕ್ಕೇ ಬೆಳಗುತ್ತೆ, ಅವಕ್ಕೆ ಅವಸರ. ಏದುಸಿರು ಬಂತು ನನಗೆ, ಭಾವ. ಸೇತುವೆ ಕಂಬಿ ಹಿಡ್ಕೊಂಡು ನಿಂತೆ. ‘ವಯಸ್ಸಾಯ್ತು ನಿನಗೆ’ ಅಂದಳು ತಮಾಕಿ. ಆಗ ನಿಮ್ಮನ್ನ ನೋಡಿದೆ. ನೀವು ಕೈಗಡಿಯಾರ ನೋಡ್ತಿದ್ದಿರಿ. ಊಟದ ಹೊತ್ತಲ್ಲ ಅಂತ ನನಗೆ ಆಗಲೇ ಗೊತ್ತಿತ್ತು.

ಅಲ್ಲಿಂದ ಮನೆಗೆ ಹೋಗಲಿಲ್ಲ ಅಲ್ವಾ ನೀವು? ಮೇಲಿನ ಕಾಲುವೆಗೆ ಹೋದಿರಿ. ನಿಮ್ಮ ಬೂಟು ಅಲ್ಲಿ ಒಣಗ್ತಿದೆ, ಮೂರು ದಿನದ ಕೆಸರಿದೆ ಅದರಲ್ಲಿ. ಮೂರು ಸಂಜೆಯೂ ಹೋಗಿದ್ದಿರಾ? ನಾಲ್ಕಕ್ಕೆ ಬೆಳಗೋದು... ಒಂದಾದರೂ?

ಆ ಹನ್ನೊಂದರ ಮರಿಗಳು ಹಳ್ಳದಲ್ಲಿ ಇದ್ದಿರಬೇಕಲ್ಲ ಮಾರ್ಚಲ್ಲಿ. ಎಷ್ಟು ಇದ್ದವೋ. ಅವುಗಳ ತಟ್ಟೆಗೆ ನಾನು ಮೂರು ಸಾವಿರ ಅತಿಥಿಗಳನ್ನ ಕೂರಿಸಿದೆ. ಬಸವನಹುಳು ಎಷ್ಟಿತ್ತು ಅಲ್ಲಿ, ಒಂದು ಹಿಡಿ. ಕೋಸು ಹಾಕಿ ಬೆಳೆಸಿದ್ದೆಲ್ಲ ಕೆಳಗೆ, ಕಾಂಕ್ರೀಟಿನ ಕಡೆ. ಮೇಲೆ ಬಕೆಟ್ಟು ಸುರಿಯೋದು ಬೇಕಿರಲಿಲ್ಲ. ಆದರೆ ಸಮನಾಗಿ ಹಂಚಬೇಕಿತ್ತಲ್ಲ ನನಗೆ.

ಕಾಗದ ನಾನೇ ವಾಪಸ್ ತಗೋತೀನಿ. ಮುದ್ರೆ ತರೋದು ಬೇಡ. ನಾಳೆ ಬರೋರಿಗೆ... ಏನೋ ಒಂದು ಹೇಳ್ತೀನಿ. ಇಲ್ಲ. ಇದನ್ನೇ ಹೇಳ್ತೀನಿ. ಏಡಿ ವಿಷಯ ಬಿಟ್ಟು.

ಏನಿದು? ಪೆನ್ಸಿಲ್ ಯಾಕೆ ನನಗೆ? ಈ ವರ್ಷದ ಸಾಲು... ತಾರೀಕು ಬರೆದಿದ್ದೀರಿ, ಗಾಳಿ ಬರೆದಿದ್ದೀರಿ, ನೀರಿನ ತಂಪು ಬರೆದಿದ್ದೀರಿ. ಸಂಖ್ಯೆಯ ಜಾಗ ಖಾಲಿ ಬಿಟ್ಟಿದ್ದೀರಿ. ನಾನೇ ಬರೀಬೇಕಾ? ನಲವತ್ತೊಂದು ವರ್ಷ ನಿಮ್ಮ ಅಕ್ಷರ ಬಿಟ್ಟು ಬೇರೆ ಬಿದ್ದಿಲ್ಲ ಈ ಪುಸ್ತಕದಲ್ಲಿ.

ಬರೀತೀನಿ. ಬರೀತೀನಿ, ಕೈ ಒರೆಸಿಕೊಳ್ತೀನಿ ತಾಳಿ. ಎರಡಕ್ಕೆ ಬೆಳಗೋವು ಈ ಪುಸ್ತಕಕ್ಕೆ ಲೆಕ್ಕವಿಲ್ಲ, ಗೊತ್ತು.

ಇಗೋ. ನೋಡಿ, ಸೊನ್ನೆ ಎಷ್ಟು ದುಂಡಗೆ ಬಂದಿದೆ. ಸಿಸ್ಟರ್ ಅಗಾತಾ ಇದ್ದಿದ್ದರೆ ತರಗತಿಗೆಲ್ಲ ತೋರಿಸ್ತಿದ್ದರು.

ಹೋದ ವರ್ಷ ವರದಿಯಲ್ಲಿ ಬರೆದಾಗಲೂ ಇಷ್ಟೇ ದುಂಡಗಿತ್ತು ಭಾವ. ಆಗ ಅದು ಸುಳ್ಳಾಗಿತ್ತು.